ತಡೀರಿ ಅಂದದ್ದು

ಸಂಡೂರಿನ ಬಸ್ಸು ಹೊಸಪೇಟೆ ದಾಟಿ, ಅದಿರು ಲಾರಿಗಳ ಸಾಲಿಗೆ ಸಿಕ್ಕಿಕೊಂಡು ನಿಂತುಬಿಟ್ಟಾಗ ಶಂಭುಲಿಂಗನಿಗೆ ಸಮಾಧಾನವೇ ಆಯಿತು. ಬಸ್ಸು ಹೀಗೇ ನಿಂತಿದ್ದರೆ ಗುಡ್ಡ ಹತ್ತಬೇಕಾಗಿಲ್ಲ, ಗಣಿಯ ಮ್ಯಾನೇಜರ್ ಮರುಳಸಿದ್ದಪ್ಪನವರ ಮುಖ ನೋಡಬೇಕಾಗಿಲ್ಲ, ಶಾಂತಕ್ಕನ ಮುಖವನ್ನಂತೂ ನೋಡಬೇಕಾಗಿಲ್ಲ. ಅವನ ಮೊಣಕಾಲುಗಳ ನಡುವೆ ಒಂದು ಗೋಣಿಚೀಲವಿತ್ತು. ಅದರೊಳಗೆ ಮೂರು ತಾಮ್ರದ ಡಬ್ಬಿಗಳು, ಒಂದೊಂದೂ ಸಣ್ಣ ಹಾಲಿನ ಕ್ಯಾನಿನಷ್ಟು ಗಾತ್ರದವು, ಏಳು ತಿಂಗಳು ಅಂಗಡಿಯ ಕಪಾಟಿನಲ್ಲಿ ಹುಲ್ಲಿನ ಪೊಟ್ಟಣದೊಳಗೇ ಮಲಗಿದ್ದವು. ಪಕ್ಕದ ಸೀಟಿನ ಮುದುಕಿ ಚೀಲದ ಕಡೆ ಕೈ ತೋರಿಸಿ ಏನೋ ಕೇಳಿದಳು. ಅವಳು ಕೂತದ್ದು ಬಲಗಡೆ. ತುಟಿ ಅಲುಗಿದ್ದನ್ನು ನೋಡಿ, ಎಲ್ಲಿಗೆ ಎಂದು ಕೇಳಿರಬೇಕೆಂದು ಊಹಿಸಿ, "ಸಂಡೂರಿಗೆ" ಅಂದ. ಮುದುಕಿ ಬೊಚ್ಚುಬಾಯಿ ತೆರೆದು ನಕ್ಕು, ಮುಂದಿನ ಸೀಟಿನವಳಿಗೆ ಜೋರಾಗಿಯೇ ಹೇಳಿದಳು: "ಚೀಲದಾಗ ತುಪ್ಪ ಐತೇನಪಾ ಅಂದ್ರ ಸಂಡೂರಿಗೆ ಅಂತಾನವ್ವ!" ಇದು ಕೇಳಿಸಿತು. ಅವನೂ ನಗಲು ಪ್ರಯತ್ನಿಸಿದ. ಕಿಟಕಿಯ ಗಾಜಿನ ಮೇಲೆ ಕೆಂಪು ಧೂಳು ಎಷ್ಟು ದಪ್ಪ ಕೂತಿತ್ತೆಂದರೆ ಯಾರೋ ಅದರಲ್ಲಿ ಬೆರಳಿನಿಂದ ಹೂವು ಬಿಡಿಸಿದ್ದರು.

ಬಲಗಿವಿಯ ವಿಷಯವನ್ನು ಅವನು ಯಾರಿಗೂ ಹೇಳಿರಲಿಲ್ಲ. ವೈರ್‌ಲೆಸ್ ರಿಪೇರಿ ಮಾಡುವವನು, ಇಪ್ಪತ್ತೆರಡು ವರ್ಷ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡೇ ಅನ್ನ ತಿಂದವನು, ನನಗೆ ಕೇಳಿಸುವುದಿಲ್ಲ ಎಂದು ಯಾವ ಬಾಯಿಂದ ಹೇಳುವುದು? ಎಡಗಿವಿ ಅಷ್ಟಿಷ್ಟು ಕೆಲಸ ಮಾಡುತ್ತಿತ್ತು, ಆದರೆ ಗದ್ದಲದ ನಡುವಿನ ಸಣ್ಣ ದನಿ ಅದಕ್ಕೂ ದಕ್ಕುತ್ತಿರಲಿಲ್ಲ. ಈ ಬೆಳಿಗ್ಗೆ ಹೆಂಡತಿ ಶೈಲಜಾ ಬಸ್‌ಸ್ಟ್ಯಾಂಡಿನವರೆಗೆ ಚೀಲದ ಒಂದು ತುದಿ ಹಿಡಿದು ಬಂದಿದ್ದಳು. ರಸ್ತೆ ದಾಟುವಾಗ ಒಂದು ಲಾರಿಗೆ ದಾರಿ ಬಿಟ್ಟು ಇಬ್ಬರೂ ಅದಲುಬದಲಾದರು, ಅವಳು ಅವನ ಬಲಕ್ಕೆ ಬಂದಳು. ಎರಡು ಹೆಜ್ಜೆ ನಡೆದವಳೇ ಹಿಂದಿನಿಂದ ಸುತ್ತಿ ಮತ್ತೆ ಎಡಕ್ಕೆ ಬಂದು, ಏನೂ ಆಗದವಳಂತೆ ಚೀಲ ಹಿಡಿದಳು. ಆಗ ಅವನಿಗೆ ಹೊಳೆಯಿತು, ಒಂದೆರಡು ವರ್ಷದಿಂದ ಇವಳು ತನ್ನ ಎಡಕ್ಕೇ ನಡೆಯುತ್ತಿದ್ದಾಳೆ, ಊಟಕ್ಕೆ ಎಡಕ್ಕೇ ಕೂರುತ್ತಿದ್ದಾಳೆ, ಸಿನಿಮಾ ಟಾಕೀಸಿನಲ್ಲಿ ಕೂಡ ಸೀಟು ಬದಲಾಯಿಸಿಕೊಂಡಿದ್ದಾಳೆ. ಒಂದು ಮಾತೂ ಆಡಿರಲಿಲ್ಲ. ಬಸ್ಸು ಹೊರಡುವಾಗ ಅವಳು ಕಿಟಕಿಗೆ ಬಂದು, "ಅದೇನೈತೋ ಹೇಳಿ ಬಂದುಬಿಡ್ರಿ. ಹದಿನೈದು ದಿನ ಆತು, ನೀವು ಸರಿ ಉಂಡಿಲ್ಲ" ಅಂದಳು. ಏನು ಹೇಳಬೇಕೆಂಬುದು ಅವಳಿಗೆ ಗೊತ್ತಿರಲಿಲ್ಲ. ಹೇಳಬೇಕಾದದ್ದೊಂದಿದೆ ಎಂಬುದಷ್ಟೇ ಗೊತ್ತಿತ್ತು.

ಶಾಂತಕ್ಕ ಅವನಿಗೆ ಮೊದಲು ಪರಿಚಯವಾದದ್ದು ದನಿಯಾಗಿ. ಮರುಳಸಿದ್ದಪ್ಪನವರ ಹಳೇ ಗಣಿಗಾಗಿ ಗುಡ್ಡದ ನೆತ್ತಿಯ ಟವರಿನಲ್ಲಿ ಅವನು ರಿಪೀಟರ್ ಕೂರಿಸಿದ ವರ್ಷ ಅದು. ಒಂದು ಮೂಲೆಯ ವಾಕಿಟಾಕಿಯಲ್ಲಿ ಆಡಿದ ಮಾತನ್ನು ಎತ್ತರದಲ್ಲಿ ಹಿಡಿದು, ಬಲ ತುಂಬಿ, ಗಣಿಗೆಲ್ಲ ಹಂಚುವ ಯಂತ್ರ. ಮೊದಲ ದಿನ ಕೆಳಗಿನ ಕಂಟ್ರೋಲ್ ರೂಮಿನಿಂದ ಒಂದು ಹೆಣ್ಣುದನಿ, ಎಮ್ಮಿಗನೂರಿನ ಗದ್ದೆಯ ಬದುವಿನ ಮೇಲೆ ನಿಂತು ಆಚೆ ಬದುವಿನವರನ್ನು ಕರೆದು ರೂಢಿಯಾದ ದನಿ, "ಹಲೋ, ಗುಡ್ಡದ ಮ್ಯಾಲ ಯಾರದೀರ್ರೀ, ಊಟ ಆತನ್ರಿ?" ಎಂದು ಕೇಳಿತ್ತು. ಹಾಗೆ ಕೇಳುವುದು ನಿಯಮದಲ್ಲಿರಲಿಲ್ಲ. ಆರು ವರ್ಷ ಅವಳು ಹಾಗೆಯೇ ಕೇಳಿದಳು. ಗಂಡ ತೀರಿಕೊಂಡ ಮೇಲೆ ಅದೇ ಗಣಿಯಲ್ಲಿ ಕೆಲಸಕ್ಕೆ ಸೇರಿದ್ದ ಅವಳು ಡಂಪರ್ ಡ್ರೈವರುಗಳಿಗೆ ಮಗುವಿನ ಜ್ವರ ಇಳಿದ ಸುದ್ದಿ ಮುಟ್ಟಿಸುತ್ತಿದ್ದಳು, ಜಗಳವಾಡಿದವರನ್ನು ಎಲ್ಲರೂ ಕೇಳುವಂತೆ ಬೈಯುತ್ತಿದ್ದಳು. ದಿನಾ ಮಧ್ಯಾಹ್ನ ಕಲ್ಲು ಸಿಡಿಸುವ ಹೊತ್ತಿಗೆ ಮಾತ್ರ ಆ ದನಿ ಬೇರೆಯದಾಗುತ್ತಿತ್ತು. ನಾಲ್ಕೂ ದಾರಿಯ ಕಾವಲುಗಾರರನ್ನು ಹೆಸರು ಹಿಡಿದು ಕರೆದು, ದಾರಿ ಖಾಲಿ ಇದೆಯೇ ಎಂದು ಕೇಳಿ, ನಾಲ್ವರೂ ಹೌದೆಂದ ಮೇಲೆ ಸಿಡಿಸುವವನಿಗೆ ಅಪ್ಪಣೆ ಕೊಡುವವಳು ಅವಳೇ. ಶಂಭುಲಿಂಗನ ಅಂಗಡಿಯಲ್ಲಿ ಒಂದು ಸೆಟ್ಟು ರಿಪೇರಿಗೆ ಬಂದು ಸರಿಯಾಯಿತೋ ಇಲ್ಲವೋ ಎಂದು ಅವನು ನೋಡುತ್ತಿದ್ದದ್ದು ಶಾಂತಕ್ಕನ ದನಿ ಅದರಲ್ಲಿ ಶಾಂತಕ್ಕನ ದನಿಯಂತೆಯೇ ಬರುತ್ತದೋ ಎಂದು.

ಈ ವರ್ಷ ಶಿವರಾತ್ರಿಯ ಆಸುಪಾಸಿನಲ್ಲಿ ಪಕ್ಕದ ಹೊಸ ಗಣಿಯವರು ಅದೇ ಟವರಿನಲ್ಲಿ ತಮ್ಮದೊಂದು ರಿಪೀಟರ್ ಕೂರಿಸಲು ಅವನನ್ನೇ ಕರೆದರು. ಎರಡರ ಆಂಟೆನಾಗಳ ನಡುವೆ ಬರೀ ಎರಡಾಳು ಎತ್ತರದ ಅಂತರ. ಒಂದು ಮಾತಾಡುವಾಗ ಇನ್ನೊಂದಕ್ಕೆ ದೂರದ ಸಣ್ಣ ದನಿ ಕೇಳದೆ ಹೋಗಬಹುದು ಎಂದೇ ಕಂಪನಿಯವರು ಯಂತ್ರದ ಜೊತೆ ಈ ಮೂರು ಡಬ್ಬಿಗಳನ್ನೂ ಕಳಿಸಿದ್ದರು: ಫಿಲ್ಟರುಗಳು. ಡಬ್ಬಿಯ ತಲೆಯಲ್ಲಿ ಒಂದು ಕಡ್ಡಿ; ತಿರುಗಿಸಿದರೆ ಒಳಗಿನ ಕಂಬ ಕೂದಲೆಳೆಯಷ್ಟು ಇಳಿಯುತ್ತದೆ, ಏರುತ್ತದೆ; ಹದ ಸಿಕ್ಕ ಒಂದು ಜಾಗದಲ್ಲಿ ನೆರೆಯ ಯಂತ್ರದ ಗದ್ದಲ ಅದರಲ್ಲೇ ಇಂಗಿಹೋಗಿ ಬೇಕಾದ ದನಿ ಮಾತ್ರ ದಾಟುತ್ತದೆ. ಹದ ಮಾಡಲು ಅರ್ಧ ದಿನ ಹಿಡಿಯುತ್ತಿತ್ತು. ಮೊದಲು ಹಾಗೇ ನೋಡೋಣ, ಬೇಕಾದರೆ ಹಾಕೋಣ ಅಂದ. ಹೊಸ ಗಣಿಯ ಮೈಕನ್ನು ಒತ್ತಿ ಹಿಡಿಸಿ, ಹಳೇ ಗಣಿಯ ಕೆಳದಾರಿಯ ಕಾವಲಿನಲ್ಲಿದ್ದ ಹೊನ್ನೂರಪ್ಪನಿಗೆ ಮಾತಾಡಲು ಹೇಳಿದ. ಸೆಟ್ಟಿನಲ್ಲಿ ಜಾಲಿಮುಳ್ಳಿನಲ್ಲಿ ಗಾಳಿ ಹೊಕ್ಕಂಥ ಸದ್ದು. ಅದರೊಳಗೆ ಮನುಷ್ಯನ ದನಿ ಇದೆಯೋ ಇಲ್ಲವೋ ತಿಳಿಯಲಿಲ್ಲ. ಸುತ್ತ ಹೊಸ ಗಣಿಯ ಮೂವರು ಹುಡುಗ ಎಂಜಿನಿಯರುಗಳು ಟೋಪಿ ಹಾಕಿಕೊಂಡು ಅವನ ಮುಖವನ್ನೇ ನೋಡುತ್ತಿದ್ದರು. "ಕೇಳ್ತೈತಾ?" ಎಂದು ಒಬ್ಬ ಕೇಳಿದ. ಆ ಗಳಿಗೆಯಲ್ಲಿ ಶಂಭುಲಿಂಗ ಯೋಚಿಸಿದ್ದು ಯಂತ್ರದ ಬಗ್ಗೆ ಅಲ್ಲವೇ ಅಲ್ಲ, ತನ್ನ ಕಿವಿಯ ಬಗ್ಗೆ. ಎಲ್ಲರಿಗೂ ಕೇಳುತ್ತಿದೆ, ನನಗೊಬ್ಬನಿಗೇ ಇಲ್ಲ ಅಂದುಕೊಂಡ. "ಕ್ಲಿಯರ್" ಅಂದ. ಆ ಹುಡುಗರಿಗೆ ಯಾವುದು ಕೇಳಬೇಕೆಂಬುದೇ ಗೊತ್ತಿರಲಿಲ್ಲ; ಅವರು ಅವನನ್ನು ನಂಬಿದರು.

ಈಗ, ಸಂಡೂರಿನಲ್ಲಿ ಬಸ್ಸಿಳಿದು ಗಣಿಗೆ ಹತ್ತುವ ಜೀಪಿನಲ್ಲಿ, ಡಬ್ಬಿಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು. ಹದಿನೈದು ದಿನದ ಹಿಂದೆ, ಮಧ್ಯಾಹ್ನ, ಹೊನ್ನೂರಪ್ಪ ದಾರಿ ಖಾಲಿ ಎಂದು ಹೇಳಿದ್ದ. ಹೇಳಿ ಅರ್ಧ ನಿಮಿಷಕ್ಕೆ ತಿರುವಿನಿಂದ ಅದಿರು ಆರಿಸುವ ಇಬ್ಬರು ಹೆಂಗಸರು ಬಂದರು. "ತಡೀರಿ, ತಡೀರಿ" ಎಂದು ಅವನು ಮೂರು ಸಲ ಕೂಗಿದ. ಅದೇ ಹೊತ್ತಿಗೆ ಹೊಸ ಗಣಿಯವರು ಲಾರಿಗಳ ಸರದಿಯ ಬಗ್ಗೆ ಒಂದೇ ಸಮ ಮಾತಾಡುತ್ತಿದ್ದರು. ಶಾಂತಕ್ಕನಿಗೆ ಏನೂ ಕೇಳಲಿಲ್ಲ. ಅವಳು ಅಪ್ಪಣೆ ಕೊಟ್ಟಳು. ಹಾರಿದ ಕಲ್ಲೊಂದು ಬಂಡ್ರಿಯ ಯಮನಮ್ಮನ ಹೆಗಲಿಗೆ ಬಡಿದು ಎಲುಬು ಮುರಿಯಿತು. ಒಂದು ಗೇಣು ಈಚೆ ಬಿದ್ದಿದ್ದರೆ ತಲೆಗೇ. ಮ್ಯಾನೇಜರರ ಕೋಣೆಯಲ್ಲಿ ಹೊನ್ನೂರಪ್ಪ ಹೇಳಿದೆ ಅಂದ, ಶಾಂತಕ್ಕ ಕೇಳಲಿಲ್ಲ ಅಂದಳು, ಮರುಳಸಿದ್ದಪ್ಪನವರು ಶಂಭುಲಿಂಗನ ಕಡೆ ತಿರುಗಿದರು. "ಸೆಟ್ಟಿನ್ಯಾಗ ದೋಷ ಇಲ್ರಿ ಸರ" ಅಂದ ಅವನು. ಅದು ಸುಳ್ಳಲ್ಲ. ಸೆಟ್ಟು ಬಿಚ್ಚಿ ನೋಡಿದ್ದ, ಅದರಲ್ಲಿ ದೋಷ ಇರಲಿಲ್ಲ. ಶಾಂತಕ್ಕ ಲಾಗ್ ಪುಸ್ತಕವನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು, ಅವನ ಮಾತು ಕೇಳಿ ತಲೆಯಾಡಿಸಿದಳು, ಒಪ್ಪಿಕೊಂಡವಳಂತೆ. ಆ ತಲೆಯಾಡಿಸುವಿಕೆ ಅವನಿಗೆ ಅನ್ನ ಸೇರದಂತೆ ಮಾಡಿತ್ತು. ಮರುದಿನದಿಂದ ಅವಳನ್ನು ಕ್ಯಾಂಟೀನಿನ ಟೋಕನ್ ಕಿಂಡಿಗೆ ಹಾಕಿದರು.

"ಫಿಲ್ಟರ್ ಹಾಕೋದು ಚಲೋನ, ಹಾಕ್ರಿ," ಕೇಳಿಸಿಕೊಳ್ಳಲು ಶಾಂತಕ್ಕನನ್ನು ಜೊತೆಗೆ ಕಳಿಸಿರೆಂದು ಕೇಳಿದವನಿಗೆ ಮರುಳಸಿದ್ದಪ್ಪನವರು ಕಾಗದದಿಂದ ತಲೆಯೆತ್ತದೆ ಹೇಳಿದರು. "ಆದ್ರ ಶಾಂತಮ್ಮ ಯಾಕ? ಕಿವಿ ಕೇಳಲ್ಲಂತ ಬದಲಿ ಮಾಡೀವಿ, ಆಕಿನ್ನ ಕೇಳ್ಸಾಕ ಒಯ್ತೀರಾ?"

ಈಗ ಹೇಳಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು. "ಹೊನ್ನೂರಪ್ಪನ ದನಿ ಆಕಿಗೆ ರೂಢಿ ಐತ್ರಿ ಸರ" ಅಂದ. ಹೊರಗೆ ಬಂದು ತನ್ನ ಮೇಲೆ ತನಗೇ ಹೇಸಿಗೆಯಾಗಿ ನಿಂತ.

ಕ್ಯಾಂಟೀನಿನ ಕಿಂಡಿಯೊಳಗಿನಿಂದ ಶಾಂತಕ್ಕ ಅವನನ್ನು ನೋಡಿದಳು. "ಬರ್ರಿ ಶಂಭಣ್ಣ. ಚಾ ಟೋಕನ್ ಬೇಕನ್ರಿ?" ಎಂದು ಕೇಳಿದ ದನಿ ಅರ್ಧ ಇಳಿದಿತ್ತು. ತನ್ನ ಮಾತು ಎಷ್ಟು ಜೋರಾಗಿದೆ ಎಂದು ತನಗೇ ಗೊತ್ತಾಗದವರು ಹೆದರಿ ಇಳಿಸಿದಂತೆ. ಟವರಿಗೆ ಬಂದು ಹೊನ್ನೂರಪ್ಪನ ದನಿ ಕೇಳಿಸಿಕೊಳ್ಳಬೇಕೆಂದಾಗ, "ನಾನ್ಯಾಕ್ರೀ, ಬ್ಯಾಡ್ರಿ" ಅಂದಳು. ಆದರೆ ಅಷ್ಟರಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಟೋಕನ್ ಡಬ್ಬಿಯನ್ನು ಅಡಿಗೆಯವಳ ಕೈಗೆ ಕೊಟ್ಟು ಹೊರಗೆ ಬಂದಾಗಿತ್ತು.

ಟವರಿನ ಬುಡದಲ್ಲಿ ತಗಡಿನ ಶೆಡ್ಡು. ಎರಡು ಡಬ್ಬಿಗಳನ್ನು ಹಳೇ ಗಣಿಯ ಯಂತ್ರ ಕೇಳಿಸಿಕೊಳ್ಳುವ ದಾರಿಗೂ, ಒಂದನ್ನು ಹೊಸ ಗಣಿಯ ಯಂತ್ರ ಮಾತಾಡುವ ದಾರಿಗೂ ಜೋಡಿಸುವಾಗ ಅವನ ಕೈ ಅವನನ್ನು ಬಿಟ್ಟು ತಾನೇ ಕೆಲಸ ಮಾಡಿತು. ಕೈಗಳಿಗೆ ಯಾವ ಅನುಮಾನವೂ ಇರಲಿಲ್ಲ. ಮೀಟರಿನ ಮುಳ್ಳು ನೋಡಿಕೊಂಡು ಒರಟಾಗಿ ಹದ ಮಾಡಿದ. ಇನ್ನು ಮುಳ್ಳಿನಿಂದ ಆಗುವ ಕೆಲಸ ಅಲ್ಲ. ಕೊನೆಯ ಕೂದಲೆಳೆ ಕಿವಿಯಿಂದಲೇ ಆಗಬೇಕು. ಹೊಸ ಗಣಿಯ ಆಪರೇಟರ್ ಮನೋಹರನಿಗೆ ಫೋನು ಮಾಡಿ ಮೈಕು ಒತ್ತಿ ಹಿಡಿಯಲು ಹೇಳಿದ. ಹೆಡ್‌ಫೋನನ್ನು ಶಾಂತಕ್ಕನಿಗೆ ಕೊಟ್ಟ. ಅವಳು ಅದನ್ನು ತಲೆಗೆ ಹಾಕಿಕೊಳ್ಳುವ ಮೊದಲು ಸೆರಗಿನಿಂದ ಎರಡೂ ಕಿವಿ ಒರೆಸಿಕೊಂಡಳು.

"ಹೊನ್ನೂರಪ್ಪ, ಏನರ ಮಾತಾಡಪ. ನಿಲ್ಲಸಬ್ಯಾಡ" ಎಂದು ಮೈಕಿನಲ್ಲಿ ಹೇಳಿ ಕಣ್ಣು ಮುಚ್ಚಿದಳು. ಹೊತ್ತು ಹೋಯಿತು. "ಏನೂ ಇಲ್ರೀ. ಬರೇ ಗಾಳಿ."

ಅವನು ಕಡ್ಡಿಯನ್ನು ಕಾಲು ಸುತ್ತು ತಿರುಗಿಸಿದ.

"ಇಲ್ಲ. ಇಲ್ಲ... ತಡೀರಿ. ಎಮ್ಮಿ. ಎಮ್ಮಿ ಅಂದ! ಹೋತು. ಹಿಂದಕ ತಿರುವ್ರಿ. ಇನ್ನೊಂದು ಚೂರು. ಹಾಂ, ಅವನ ಎಮ್ಮಿ ಈದೈತಂತ, ಹೆಣ್ಣುಗರುವಂತ." ಅವಳ ಮುಖ ಅರಳಿಬಿಟ್ಟಿತು. "ಶಂಭಣ್ಣ, ನನಗ ಕೇಳತೈತ್ರೀ!"

ಕಡ್ಡಿ ಅಲುಗದಂತೆ ಅದರ ಬೋಲ್ಟು ಬಿಗಿಮಾಡಿದರೆ ಹದ ಸರಿಯುತ್ತಿತ್ತು. ಸ್ಪ್ಯಾನರ್ ಹಾಕಿದೊಡನೆ ಅವಳು "ಹೋತು ಹೋತು" ಎನ್ನುವಳು, ಅವನು ಸಡಿಲಿಸಿ, ಬಿಗಿದ ಮೇಲೆ ಎಷ್ಟು ಸರಿಯುತ್ತದೋ ಅಷ್ಟು ಮೊದಲೇ ಹಿಂದಕ್ಕೆ ಇಟ್ಟು ಮತ್ತೆ ಬಿಗಿಯುವನು. ಹೀಗೆ ಮೂರೂ ಡಬ್ಬಿ. ಎಮ್ಮೆಯ ಮಾತು ಮುಗಿದು ಹೊನ್ನೂರಪ್ಪ ತನ್ನ ಅಳಿಯನನ್ನು ಬೈಯತೊಡಗಿದ್ದ. ಅವಳು ಅದನ್ನೂ ಒಂದು ಅಕ್ಷರ ಬಿಡದೆ ಒಪ್ಪಿಸುತ್ತಿದ್ದಳು, ನಡುನಡುವೆ ನಗುತ್ತ. ಶಂಭುಲಿಂಗನಿಗೆ ಹದಿನೈದು ದಿನದಲ್ಲಿ ಮೊದಲ ಬಾರಿಗೆ ಹಗುರ ಎನಿಸಿತು. ಈ ಹೆಣ್ಣುಮಗಳ ಹತ್ತಿರ ಹೀಗೇ ಕೂತು ಇನ್ನೂ ಹತ್ತು ಡಬ್ಬಿ ಹದ ಮಾಡಬಹುದು ಎನಿಸಿತು. ಹಾಗೆ ಅನಿಸಿದ್ದಕ್ಕೆ ನಾಚಿಕೆಯೂ ಆಯಿತು. ಕೊನೆಯ ಬೋಲ್ಟನ್ನು ಒರೆಸುತ್ತ ಕೂತಿದ್ದವನ ತೋಳನ್ನು ಯಾರೋ ಮುಟ್ಟಿದರು. ತಿರುಗಿ ನೋಡಿದರೆ ಶಾಂತಕ್ಕ ಬಲಗಡೆ ಬಂದು ಕೂತಿದ್ದಾಳೆ, ಹೆಡ್‌ಫೋನು ಕೈಯಲ್ಲಿದೆ.

"ಮೂರು ಸರ್ತಿ ಕರದ್ನಿ ನಿಮ್ಮನ್ನ," ಅಂದಳು.

ಅವಳು ಹೆಡ್‌ಫೋನನ್ನು ಅವನ ಕಿವಿಗೆ ಒತ್ತಿ ಹಿಡಿದಳು. ಅವನಿಗೆ ಗಾಳಿ ಕೇಳಿಸಿತು, ಅದರ ತಳದಲ್ಲಿ ಏನೋ ಗುಂಯ್‌ಗುಡುವುದು. "ಏನಂತಾನ ಹೇಳ್ರಿ ನೋಡೋಣು." ಅವನು ಡಬ್ಬಿಯನ್ನೇ ನೋಡುತ್ತ ಎಲ್ಲವನ್ನೂ ಹೇಳಿದ. ಶಿವರಾತ್ರಿಯ ಹೊತ್ತಿನ ಪರೀಕ್ಷೆ, ಟೋಪಿಯ ಹುಡುಗರು, ಕ್ಲಿಯರ್ ಅಂದದ್ದು, ಕಪಾಟಿನಲ್ಲಿ ಮಲಗಿದ್ದ ಡಬ್ಬಿಗಳು, ಮ್ಯಾನೇಜರರ ಮುಂದೆ ಸುಳ್ಳಲ್ಲದ ಆ ಮಾತು. ಹೇಳಿದ್ದು ಬಹಳ ಹೊತ್ತು ಹಿಡಿಯಲಿಲ್ಲ. ಇಷ್ಟು ಚಿಕ್ಕದಾಗಿತ್ತೇ ಅದು ಎಂದು ಅವನಿಗೇ ಆಶ್ಚರ್ಯವಾಯಿತು.

ಶಾಂತಕ್ಕ ಎದ್ದು ಶೆಡ್ಡಿನ ಬಾಗಿಲಿಗೆ ಹೋಗಿ ಅವನಿಗೆ ಬೆನ್ನು ಹಾಕಿ ನಿಂತಳು. ಅವಳು ಮಾತಾಡಿದಾಗ, ಹಳೆಯ ಆ ದೊಡ್ಡ ದನಿಯಲ್ಲೇ ಮಾತಾಡಿದ್ದರಿಂದ, ಪ್ರತಿ ಅಕ್ಷರವೂ ಕೇಳಿಸಿತು. "ದಿನಾ ಬೆಳ್ಳುಳ್ಳಿ ಎಣ್ಣಿ ಕಾಸಿ ಕಿವ್ಯಾಗ ಬಿಟಗೊಂಡೀನ್ರೀ ನಾನು. ಮಗಳು ಕರದ್ರ ಬೇಕಂತ ಹಿಂದ ನಿಂತು ಕರಿ ಅಂತ ಪರೀಕ್ಷೆ ಮಾಡ್ಕೊಂಡೀನಿ. ಕೇಳ್ತಿತ್ತು. ಕೇಳಿದ್ರೂ ನಂಬಲಿಲ್ಲ. ನನ್ನ ಕೈಯಿಂದ ಒಬ್ಬಾಕಿ ಎಲುಬು ಮುರೀತಲ್ಲ ಅಂತ..." ತಿರುಗದೆಯೇ ಮುಂದುವರಿಸಿದಳು. "ನೀವು ಹೇಳಿದ್ರಿ ಅಂತ ನಂಬಿದ್ನಿ ಶಂಭಣ್ಣ. ನೀವು ಹೇಳಿದ್ದು ಯಾವತ್ತರ ತಪ್ಪಾಗೈತೇನು?"

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅಷ್ಟರಲ್ಲಿ ಮೇಜಿನ ಮೇಲಿನ ಸೆಟ್ಟಿನಲ್ಲಿ ಮರುಳಸಿದ್ದಪ್ಪನವರ ದನಿ ಬಂತು, ಅವರು ಕಂಟ್ರೋಲ್ ರೂಮಿನಿಂದಲೇ ಮಾತಾಡುತ್ತಿದ್ದರು: "ಶಂಭುಲಿಂಗ, ಆತೇನು ಕೆಲಸ? ಏನಿತ್ತು ಅದು?" ಶಾಂತಕ್ಕ ತಿರುಗಿದಳು. ಮೈಕು ತೆಗೆದು ಅವನ ಕೈಗೆ ಕೊಡಲಿಲ್ಲ. ಅವನ ಎದುರಿಗೆ ಇಟ್ಟಳು ಅಷ್ಟೇ. ಆ ಹೊತ್ತಿಗೆ ಗಣಿಯಲ್ಲಿ ಹದಿನೇಳು ಡಂಪರುಗಳು, ನಾಲ್ಕು ಕಾವಲುಗಳು, ತೂಕದ ಮನೆ, ಎಲ್ಲದರಲ್ಲೂ ಸೆಟ್ಟು ತೆರೆದಿತ್ತು.

ಅವನು ಗುಂಡಿ ಒತ್ತಿದ. "ಸರ, ತಪ್ಪು ನಂದು. ಹೊಸ ಮಿಷನ್ ಹಾಕಿದಾಗ ಈ ಫಿಲ್ಟರ್ ಹಾಕಬೇಕಿತ್ತು, ಹಾಕಲಿಲ್ಲ. ಪರೀಕ್ಷೆ ಮಾಡಿದ್ನಿ, ನನಗ ಕೇಳಲಿಲ್ಲ, ಕೇಳಿತು ಅಂದ್ನಿ. ನನ್ನ ಕಿವಿ ಮಂದ ಅದಾವ್ರಿ, ಅದನ್ನ ಮುಚ್ಚಿಟ್ನಿ. ಶಾಂತಕ್ಕಗ ಅವತ್ತು ಕೇಳೋ ಹಂಗ ಇರಲಿಲ್ಲ. ಯಾರಿಗೂ ಕೇಳ್ತಿರಲಿಲ್ಲ."

ಗುಂಡಿ ಬಿಟ್ಟ. ಹೊರಗೆ ಟವರಿನ ತಂತಿಗಳು ಗಾಳಿಗೆ ಅಲುಗುತ್ತಿದ್ದವು. ಆಮೇಲೆ ಒಂದು ಸಣ್ಣ ದನಿ ಬಂತೆಂದು ಶಾಂತಕ್ಕನ ಮುಖ ನೋಡಿ ಅವನಿಗೆ ತಿಳಿಯಿತು. ಹೊನ್ನೂರಪ್ಪ. ಅವನು ಏನಂದನೆಂದು ಅವಳು ಹೇಳಲಿಲ್ಲ, ಮೈಕು ಎಳೆದುಕೊಂಡು, "ಹೌದಪ, ನೀ ಹೇಳಿದ್ದಿ. ಮೂರು ಸರ್ತಿ ಹೇಳಿದ್ದಿ. ಅಳಬ್ಯಾಡ, ಚಾನಲ್ ಬಿಡು, ಗಾಡಿ ಅದಾವು" ಅಂದಳು.

ಕೆಳಗೆ ಮರುಳಸಿದ್ದಪ್ಪನವರು ಬೈಯಲಿಲ್ಲ. ಎಲ್ಲವನ್ನೂ ಬರೆದುಕೊಡಲು ಹೇಳಿದರು, ಬರೆದುಕೊಟ್ಟ. ಮುಂದಿನ ತಿಂಗಳಿಂದ ಸೆಟ್ಟುಗಳ ಕೆಲಸಕ್ಕೆ ಬಳ್ಳಾರಿಯಿಂದ ಬೇರೆಯವರು ಬರುತ್ತಾರೆಂದು, ಶಾಂತಮ್ಮ ಈ ಪಾಳಿಯಿಂದಲೇ ತನ್ನ ಕುರ್ಚಿಗೆ ಹೋಗಬಹುದೆಂದು ಹೇಳಿದರು. ಬಾಗಿಲ ತನಕ ಬಂದು, "ಕಿವಿ ಒಬ್ಬ ಡಾಕ್ಟರಿಗೆ ತೋರಸ್ರಿ ಮಾರಾಯ್ರ" ಅಂದರು, ಅವನ ಎಡಕ್ಕೆ ನಿಂತು, ಜೋರಾಗಿ. ಆ ಜೋರು ಅವನಿಗೆ ಚುಚ್ಚಿತು. ಇನ್ನು ಎಲ್ಲರೂ ಹೀಗೇ ಮಾತಾಡುತ್ತಾರೆ. ಮಾತಾಡಲಿ.

ಬಸ್ಸಿಗೆ ಹೊರಟವನನ್ನು ಶಾಂತಕ್ಕ ಕಂಟ್ರೋಲ್ ರೂಮಿನ ಕಿಟಕಿಯಿಂದ ತಡೆದಳು. "ಯಮನಮ್ಮನ ಮುಂದ ನಾ ಹೇಳಲ್ಲ, ನೀವ ಹೇಳ್ರಿ. ಬಂಡ್ರಿಗೆ ಕೆಲಸದೋರ ಜೀಪು ಹೊಂಟೈತಿ." ಅವನು ಹಿಂಜರಿದದ್ದು ಕಂಡು, "ಹೊಟ್ಟೆಗೆ ಏನೂ ತಿಂದಿಲ್ಲಲ್ರೀ?" ಎಂದು ತನ್ನ ಬುತ್ತಿಯಿಂದ ರೊಟ್ಟಿ, ಪುಂಡಿಪಲ್ಯ ಕಾಗದದಲ್ಲಿ ಸುತ್ತಿ ಕಿಟಕಿಯಿಂದ ಕೊಟ್ಟಳು. ಜೀಪಿನಲ್ಲಿ ಎಂಟು ಜನ ಹೆಂಗಸರ ನಡುವೆ ಮುದುರಿ ಕೂತು ಅವನು ಅದನ್ನು ತಿಂದ. ಹೊಟ್ಟೆ ತುಂಬ ಹಸಿದಿತ್ತು.

ಬಂಡ್ರಿಯಲ್ಲಿ ಇನ್ನೂ ಬಿಸಿಲಿತ್ತು. ಯಮನಮ್ಮ ಮನೆಯ ಕಟ್ಟೆಯ ಮೇಲೆ ಕೂತಿದ್ದಳು, ಮೂವತ್ತು ವರ್ಷ ಇರಬಹುದು, ಎಡಗೈಯನ್ನು ಹಳೆಯ ಪಂಚೆಯಿಂದ ಎದೆಗೆ ಕಟ್ಟಿದ್ದರು. ಒಂದೇ ಕೈಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಅವಳ ಗಂಡ ಮಾರೇಶ್ ಅಂಗಳದ ಮೂಲೆಯಲ್ಲಿ ಸೈಕಲ್ಲಿನ ಚೈನು ಹಾಕುತ್ತಿದ್ದ. ಬಂದವನು ವೈರ್‌ಲೆಸ್ಸಿನವನು ಎಂದು ತಿಳಿದಾಗ ತಲೆಯೆತ್ತಿ ನೋಡಿ ಮತ್ತೆ ಬಗ್ಗಿದ. ಶಂಭುಲಿಂಗ ನಿಂತುಕೊಂಡೇ ಹೇಳಿದ. ಅದೇ ದಿನ ಮೂರನೇ ಸಲ ಹೇಳುತ್ತಿದ್ದರೂ ಇಲ್ಲಿ ಮಾತು ಕಷ್ಟವಾಯಿತು, ಯಾಕೆಂದರೆ ಅವಳು ಕಾಯಿ ಸುಲಿಯುವುದನ್ನು ನಿಲ್ಲಿಸಿ ಅವನನ್ನೇ ನೋಡುತ್ತಿದ್ದಳು.

"ಹಂಗಾರ," ಅಂದಳು ಯಮನಮ್ಮ, "ನಂದೇನೂ ತಪ್ಪಿರಲಿಲ್ಲನ್ರೀ?"

ಅವನಿಗೆ ಅರ್ಥವಾಗಲಿಲ್ಲ.

"ನಾ ಮಾತಾಡ್ಕೋಂತ ಬಂದು ಕಾವಲಿನೋರ ಕೆಂಪು ಬಾವುಟ ನೋಡ್ಲಿಲ್ಲ, ಅದಕ ಹೊಡೀತು ಅಂತಾರ್ರೀ ಎಲ್ರೂ. ನನ್ನ ಗಂಡ ಇವನೂ ಹಂಗ ಅಂತಾನ. ದಿನಾ ಅಂತಾನ. ನಾನೂ ಹೌದೇನೋ ಅಂದ್ಕೊಂಡಿದ್ನಿ."

"ಇಲ್ಲವ್ವ. ನಿಂದೇನೂ ಇಲ್ಲ. ಕಾವಲಿನ ಹೊನ್ನೂರಪ್ಪ ತಡೀರಿ ಅಂದಿದ್ದ, ಅದು ಮುಟ್ಟಲಿಲ್ಲ. ಮುಟ್ಟದಂಗ ಆಗಿದ್ದು ನನ್ನಿಂದ."

ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ನಿಮ್ಮ ಮ್ಯಾಲ ನನಗ ಸಿಟ್ಟು ಬರಬೇಕ್ರಿ. ನಾಳೆ ಬರ್ತೈತೇನೋ. ಈಗ ಬರವಲ್ದು." ಆಮೇಲೆ ಅಂಗಳದ ಮೂಲೆಯ ಕಡೆ ಗಲ್ಲ ತೋರಿಸಿ, "ಇನ್ನೊಮ್ಮಿ ಹೇಳ್ರಿ. ಅವಂಗ ಕೇಳೋ ಹಂಗ ಹೇಳ್ರಿ" ಅಂದಳು.

ಶಂಭುಲಿಂಗ ತಿರುಗಿ ನಿಂತು, ಗಂಟಲು ಸರಿಮಾಡಿಕೊಂಡು, ಮೊದಲಿನಿಂದ ಹೇಳಿದ. ಜೋರಾಗಿ ಹೇಳಿದ, ಎದುರುಮನೆಯ ಬಾಗಿಲಿಗೆ ಇಬ್ಬರು ಬಂದು ನಿಂತರು. ಮಾರೇಶ್ ಚೈನನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳಿದ. ಎಣ್ಣೆಯ ಕೈಯನ್ನು ಪಂಚೆಗೆ ಒರೆಸಿಕೊಂಡು ಬಂದು, ಅತಿಥಿಯನ್ನು ದಾಟಿ, ಕಟ್ಟೆಯ ಮೇಲೆ ಹೆಂಡತಿಯ ಪಕ್ಕ ಕೂತ. ಅವಳ ಮುಖ ನೋಡಲಿಲ್ಲ. ಅವರೆಕಾಯಿಯ ಮೊರವನ್ನು ತನ್ನ ತೊಡೆಗೆ ಎಳೆದುಕೊಂಡು ಸುಲಿಯತೊಡಗಿದ.